ಎರರ್ ಕೊಟ್ಟಿದ್ದಕ್ಕೆ ಸೊನ್ನೆ

ನಮ್ಮ ಅತ್ತಿಗೆಗೆ ಮನೆಯಲ್ಲಿ ತಕರಾರಮ್ಮ ಎಂದು ಹೆಸರು. ಇಟ್ಟವಳು ನಮ್ಮಮ್ಮ. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತಿಗೆ ನಲ್ಲಿ ರಿಪೇರಿಯವನನ್ನು ಬಾಗಿಲಲ್ಲಿ ತಡೆದು, "ಹಳೇ ವಾಷರನ್ನೇ ತಿರುಗಿಸಿ ಹಾಕಿದೀರಿ, ಬಿಚ್ಚಿ ಹೊಸದು ಹಾಕಿ" ಎಂದಿದ್ದರು. ಆತ ಗೊಣಗಿಕೊಂಡು ಮತ್ತೆ ಬಿಚ್ಚಿದ. ಅಣ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಅಮ್ಮ ಮಾತ್ರ, "ಇವಳಿಗೆ ಯಾವುದೂ ಸರಿ ಬರಲ್ಲಪ್ಪ, ಕುಡಿಯೋ ನೀರಿಗೂ ತಕರಾರು ತೆಗೀತಾಳೆ" ಅಂದಳು. ಹೆಸರು ಅಂಟಿಕೊಂಡಿತು.

ಇದನ್ನು ಹೇಳುತ್ತಿರುವುದು ಅತ್ತಿಗೆಯನ್ನು ಆಡಿಕೊಳ್ಳುವುದಕ್ಕಲ್ಲ. ನನಗೆ ಮೈ ಉರಿಯುತ್ತಿದೆ, ಅದಕ್ಕೆ.

ನಾನು ಲಿಫ್ಟ್ ಮೆಕ್ಯಾನಿಕ್. ಅತ್ತಿಗೆಯೂ ಅದೇ ಕಂಪನಿ. ನನ್ನದು ಗ್ರೀಸಿನ ಕೈ, ಅವರದು ಕಂಪ್ಯೂಟರ್ ಕೋಣೆ. ಯಾವ ಕಟ್ಟಡದ ಲಿಫ್ಟನ್ನು ಎಂದು ನೋಡಿದೆವು, ಮತ್ತೆ ಎಂದು ನೋಡಬೇಕು ಎಂಬುದೆಲ್ಲ ಇರುವ ಡೇಟಾಬೇಸು ಅವರ ಸುಪರ್ದಿನಲ್ಲಿತ್ತು. ಬೆಳಗ್ಗೆ ಅದರಿಂದ ನಮ್ಮ ಫೋನಿಗೆ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿದ್ದ ಲಿಫ್ಟಿಗೆ ಹೋಗುತ್ತೇವೆ, ಇಲ್ಲದ್ದಕ್ಕೆ ಹೋಗುವುದಿಲ್ಲ. ಏರಿಯಾ ಬದಲಾಗುತ್ತಲೇ ಇರುವುದರಿಂದ ಯಾವ ಲಿಫ್ಟ್ ಬಿಟ್ಟುಹೋಯಿತು ಎಂದು ನಮ್ಮಲ್ಲಿ ಯಾರಿಗೂ ನೆನಪಿರುವುದಿಲ್ಲ.

ಆ ಪಟ್ಟಿ ತೆಗೆಯುವ ಪ್ರೋಗ್ರಾಮು ಬರೆದವನು ನಮ್ಮ ಮ್ಯಾನೇಜರ್. ಅವನು ಯಜಮಾನರ ಬಾಮೈದ. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ.

ಹೊಸ ಶಾಖೆ ತೆರೆಯುವ ಮಾತು ಬಂದಾಗ ಯಜಮಾನರು, ಹಳೆಯ ಸರ್ವರಿನ ಕಾಲ ಮುಗಿಯಿತು, ಹೊಸದಕ್ಕೆ ಯಾವ ಡೇಟಾಬೇಸು ಒಳ್ಳೆಯದು ಎಂದು ಹೋಲಿಸಿ ನೋಡಿ ಅಂದರು. ಮೂರು ಹೆಸರು ಬಂದವು. ಮೂರೂ ಪುಕ್ಕಟೆ ಸಿಗುವಂಥವು, ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದಾದಂಥವು. ಅತ್ತಿಗೆ ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತ ನನಗೆ ವಿವರಿಸಿದರು.

"ಮೈಎಸ್‌ಕ್ಯೂಎಲ್ ಗೊತ್ತಿರೋರು ಗಲ್ಲಿಗೊಬ್ರು ಸಿಗ್ತಾರೆ. ನಾಳೆ ನಾನು ಕೆಲಸ ಬಿಟ್ರೂ ಯಜಮಾನರಿಗೆ ತೊಂದರೆ ಇಲ್ಲ. ಮರಿಯಾಡಿಬಿ ಅದೇ ಮನೆಯಿಂದ ಪಾಲು ತಗೊಂಡು ಬೇರೆ ಹೋದ ತಂಗಿ. ಅಕ್ಕನ ಅಭ್ಯಾಸ ಬಹಳ ಉಳಿದಿದೆ, ಹೊಸದೂ ಕಲ್ತಿದೆ. ಪೋಸ್ಟ್‌ಗ್ರೆಸ್ ಕಲಿಯೋಕೆ ಸ್ವಲ್ಪ ಬೆವರು ಸುರಿಸ್ಬೇಕು. ಆದ್ರೆ ಎಷ್ಟು ಸುತ್ತಿ ಬಳಸಿ ಪ್ರಶ್ನೆ ಕೇಳಿದ್ರೂ ತಾಳ್ಮೆಯಿಂದ ಉತ್ತರ ಕೊಡುತ್ತೆ."

"ಮೂರರಲ್ಲಿ ಯಾವ್ದು ಒಳ್ಳೇದು, ಅದನ್ನ ಹೇಳಿ ಅತ್ತಿಗೆ."

"ನಮ್ಮ ವ್ಯಾಪಾರಕ್ಕೆ ಮೂರೂ ಧಾರಾಳ ಸಾಕು ಕಣೋ. ಬರೀತಾ ಇರೋವಾಗ ಕರೆಂಟ್ ಹೋದ್ರೆ ಏನಾಗುತ್ತೆ, ಬ್ಯಾಕಪ್ಪಿಂದ ನೆಟ್ಟಗೆ ಎದ್ದು ಬರುತ್ತಾ, ಎಲ್ಲಾ ಮೆಕ್ಯಾನಿಕ್ಕುಗಳೂ ಒಟ್ಟಿಗೆ ಬರೆದ್ರೆ ತಡ್ಕೊಳುತ್ತಾ, ಎಲ್ಲಾ ನೋಡಿದೆ. ಮೂರೂ ಪಾಸು. ಇನ್ನು ತಪ್ಪು ಮಾಹಿತಿ ಕೊಟ್ರೆ ಯಾವ್ದು ನುಂಗುತ್ತೆ, ಯಾವ್ದು ಉಗುಳುತ್ತೆ, ಅದೊಂದು ನೋಡ್ಬೇಕು."

ಆದರೆ ಅಂಕ ಹಾಕುವ ಹಾಳೆ ತಯಾರಿಸಿದವನು ಮ್ಯಾನೇಜರ್. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಇದ್ದದ್ದು ಒಂದು ಸಾಲಿಗೆ: ಹಳೆಯ ಡೇಟಾ ಎರರ್ ಬಾರದೆ ಒಳಗೆ ಬಂತೇ? ಅಂದರೆ ಬಾಯಿ ಮುಚ್ಚಿಕೊಂಡು ನುಂಗಿದವರಿಗೆ ಮೊದಲ ಬಹುಮಾನ. ಈ ತಲೆಗೆ ಏನು ಹೇಳಬೇಕು ನೀವೇ ಹೇಳಿ.

ಪರೀಕ್ಷೆಯ ದಿನ, ಮ್ಯಾನೇಜರ್ ಹಾಕಿಕೊಟ್ಟ ಸೆಟ್ಟಿಂಗಿನಲ್ಲಿ, ಮೊದಲಿನ ಎರಡೂ ಹಳೆಯ ಡೇಟಾವನ್ನು ತುಟಿ ಪಿಟಕ್ಕೆನ್ನದೆ ಒಳಗೆ ಹಾಕಿಕೊಂಡವು. ಪೋಸ್ಟ್‌ಗ್ರೆಸ್ ನಡುವೆ ನಿಂತುಬಿಟ್ಟಿತು. ಇಂಥ ತಾರೀಕು ಇಲ್ಲ, ನಾನು ತೆಗೆದುಕೊಳ್ಳುವುದಿಲ್ಲ ಎಂದಿತು. ಮ್ಯಾನೇಜರ್ ಕಾಫಿ ಲೋಟ ಹಿಡಿದು ಅತ್ತಿಗೆಯ ಬೆನ್ನ ಹಿಂದೆಯೇ ನಿಂತಿದ್ದನಂತೆ.

"ನೋಡಿದ್ರಾ ಮೇಡಂ, ಇದು ಬರೀ ತಲೆಹರಟೆ. ಸೊನ್ನೆ ಹಾಕಿ, ಮುಂದಕ್ಕೆ ಹೋಗಿ."

ಅತ್ತಿಗೆ ಮುಂದಕ್ಕೆ ಹೋಗಲಿಲ್ಲ. ನಿಂತ ಸಾಲನ್ನು ತೆಗೆದು ನೋಡಿದರು. ಮುಂದಿನ ತಪಾಸಣೆಯ ತಾರೀಕು ಇರಬೇಕಾದ ಕಡೆ ಬರೀ ಸೊನ್ನೆಗಳು. ದಿನ ಸೊನ್ನೆ, ತಿಂಗಳು ಸೊನ್ನೆ, ವರ್ಷವೂ ಸೊನ್ನೆ. ಅಂಥ ಸಾಲು ಒಂದಲ್ಲ, ಹುಡುಕಿದಷ್ಟೂ ಸಿಕ್ಕವು.

ಆದದ್ದಿಷ್ಟು. ಬಾಮೈದನ ಪ್ರೋಗ್ರಾಮು ಇವತ್ತಿನ ತಾರೀಕಿಗೆ ತಿಂಗಳನ್ನಷ್ಟೇ ಮುಂದೂಡುತ್ತದೆ, ದಿನವನ್ನು ಮುಟ್ಟುವುದಿಲ್ಲ. ಮೂವತ್ತೊಂದನೇ ತಾರೀಕು ನಾವು ಒಂದು ಲಿಫ್ಟ್ ನೋಡಿದರೆ ಮುಂದಿನ ತಪಾಸಣೆಯೂ ಮೂವತ್ತೊಂದಕ್ಕೇ ಬೀಳುತ್ತದೆ, ಆ ತಿಂಗಳಿಗೆ ಮೂವತ್ತೇ ದಿನ ಇದ್ದರೂ. ನಮ್ಮ ಹಳೆಯ ಡೇಟಾಬೇಸಿಗೆ ಇದು ತಪ್ಪೆಂದು ಗೊತ್ತಿತ್ತು, ಬೇಡ ಎನ್ನಲೂ ಬರುತ್ತಿತ್ತು. ಬೇಡ ಎಂದಾಗಲೆಲ್ಲ ಪ್ರೋಗ್ರಾಮು ನಿಲ್ಲುತ್ತದೆ ಎಂದು ಮ್ಯಾನೇಜರ್ ಅದರ ಕಟ್ಟುನಿಟ್ಟಿನ ಸೆಟ್ಟಿಂಗನ್ನೇ ಆಫ್ ಮಾಡಿದ್ದ. ಅಲ್ಲಿಂದ ಅದು ಇಲ್ಲದ ತಾರೀಕು ಬಂದರೆ ಸೊನ್ನೆ ಬರೆದುಕೊಂಡು ಸುಮ್ಮನಾಗುತ್ತಿತ್ತು. ಬೆಳಗಿನ ಪಟ್ಟಿ ಹುಡುಕುವುದು ಈ ವಾರದ ತಾರೀಕುಗಳನ್ನು. ಸೊನ್ನೆ ಯಾವ ವಾರದಲ್ಲಿ ಬರುತ್ತದೆ? ಆ ಲಿಫ್ಟುಗಳು ಪಟ್ಟಿಯಿಂದ ಬಿದ್ದುಹೋದವು. ಕೆಟ್ಟು ನಿಲ್ಲಲಿಲ್ಲವಾದ್ದರಿಂದ ಯಾರೂ ಫೋನೂ ಮಾಡಲಿಲ್ಲ.

ಅತ್ತಿಗೆ ವಿಳಾಸಗಳನ್ನು ಓದಿಕೊಂಡು ಹೋಗಿ ಒಂದರ ಮುಂದೆ ನಿಂತರು. ತಕ್ಷಣ ನನಗೆ ಫೋನ್.

"ಎಲ್ಲಿದೀಯಾ? ಅತ್ತೆ ಇವತ್ತು ಮಂಡಿನೋವಿನ ಕ್ಲಿನಿಕ್ಕಿಗೆ ಹೋಗೋ ದಿನ ಅಲ್ವಾ?"

"ಹೌದು, ಆಗ್ಲೇ ಹೊರಟಿದ್ಲು."

"ಆ ಕಟ್ಟಡದ ಲಿಫ್ಟನ್ನ ನಾವು ನೋಡಿ ವರ್ಷಗಳಾಗಿವೆ. ಹೋಗಿ ನಿಲ್ಸು. ಯಾರನ್ನೂ ಕೇಳ್ಬೇಡ, ಮೊದಲು ನಿಲ್ಸು."

ಸ್ಕೂಟರ್ ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಕ್ಲಿನಿಕ್ಕು ನಾಲ್ಕನೇ ಮಹಡಿಯಲ್ಲಿ. ಅಮ್ಮ ಆಗಲೇ ಮೇಲೆ ಹೋಗಿಯಾಗಿತ್ತು, ಅದೇ ಲಿಫ್ಟಿನಲ್ಲಿ. ಗುಂಡಿ ಒತ್ತಿದೆ. ಖಾಲಿ ಲಿಫ್ಟು ಕೆಳಗೆ ಬಂತು. ವಾಚ್‌ಮನ್ನನ ಸ್ಟೂಲನ್ನು ಬಾಗಿಲಿಗೆ ಅಡ್ಡ ಇಟ್ಟು, ಮೆಟ್ಟಿಲು ಹತ್ತಿ ತಾರಸಿಯ ಮೆಷಿನ್ ರೂಮಿಗೆ ಓಡಿ, ಮೇನ್ ಸ್ವಿಚ್ಚು ಇಳಿಸಿದೆ. ಆಮೇಲೆ ಟಾರ್ಚು ಹಾಕಿದೆ.

ಲಿಫ್ಟನ್ನು ಎಳೆಯುವ ಉಕ್ಕಿನ ರೋಪು ಒಣಗಿ ಕೆಂಪು ಪುಡಿ ಉದುರಿಸುತ್ತಿತ್ತು. ಬಟ್ಟೆಯಿಂದ ಒರೆಸಲು ಹೋದರೆ ಬಟ್ಟೆ ಸಿಕ್ಕಿಹಾಕಿಕೊಂಡಿತು. ಕಡಿದ ಉಕ್ಕಿನ ಎಳೆಗಳು ಮುಳ್ಳಿನ ಹಾಗೆ ಹೊರಗೆ ಚಾಚಿದ್ದವು. ಲಿಫ್ಟು ಒಂದೇ ರೋಪಿನ ಮೇಲೆ ನಿಂತಿರುವುದಿಲ್ಲ, ಹಲವಾರು ಇರುತ್ತವೆ. ಇಲ್ಲಿ ಎಲ್ಲದರ ಗತಿಯೂ ಅದೇ. ಬ್ರೇಕಿನ ಲೈನಿಂಗು ಸವೆದು ಬಿಲ್ಲೆಯಾಗಿತ್ತು. ಆಗ ಬಂದ ಸಿಟ್ಟಿದೆಯಲ್ಲ, ಅದು ಇವತ್ತಿಗೂ ಇಳಿದಿಲ್ಲ.

ಅಮ್ಮ ನನ್ನ ಭುಜ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ಒಂದೊಂದು ಶಾಪ ಹಾಕುತ್ತ ಇಳಿದಳು.

"ಬರೋವಾಗ ಚೆನ್ನಾಗೇ ಇತ್ತಲ್ಲೋ. ಯಾವ ದರಿದ್ರದವರು ನಿಲ್ಸಿದ್ದು?"

"ನಾನೇ ಕಣಮ್ಮ. ಅತ್ತಿಗೆ ಹೇಳಿದ್ರು."

ಅಮ್ಮ ನಡು ಮೆಟ್ಟಿಲಲ್ಲೇ ನಿಂತಳು. "ಅವಳಾ? ಈಗ ಲಿಫ್ಟಿಗೂ ತಕರಾರಾ?"

ರೋಪು ಬದಲಾಯಿಸಿದ ದಿನ ಹಳೆಯದರ ಒಂದು ತುಂಡನ್ನು ಕತ್ತರಿಸಿ ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಬೆರಳಿಗೆ ಎಳೆ ಚುಚ್ಚಿ ರಕ್ತದ ಹನಿ ಬಂತು. ಅಮ್ಮ ಬೆರಳನ್ನು ಬಾಯಲ್ಲಿಟ್ಟುಕೊಂಡು ಅತ್ತಿಗೆಯ ಮುಖವನ್ನೇ ನೋಡುತ್ತ ಕೂತಳು. ತಕರಾರಮ್ಮ ಎಂದು ಕರೆಯುವುದನ್ನು ಬಿಟ್ಟಳು ಎಂದುಕೊಳ್ಳಬೇಡಿ, ಬಿಟ್ಟಿಲ್ಲ. ಕರೆಯುವ ರಾಗ ಬೇರೆಯಾಯಿತು, ಅಷ್ಟೇ.

ಅದೇ ತುಂಡನ್ನು ನಾನು ಆಫೀಸಿನ ಮೀಟಿಂಗಿಗೂ ಒಯ್ದು ಮೇಜಿನ ಮೇಲೆ ಇಟ್ಟೆ. ಮ್ಯಾನೇಜರ್ ಅದನ್ನು ಪೆನ್ನಿನ ತುದಿಯಿಂದ ಆಚೆ ಸರಿಸಿದ.

"ಯಾರ ಅನುಮತಿ ತಗೊಂಡು ಲಿಫ್ಟ್ ನಿಲ್ಸಿದ್ರಿ? ಕಟ್ಟಡದವರು ಫೋನ್ ಮಾಡಿ ಉಗೀತಾ ಇದಾರೆ" ಎಂದು ಅತ್ತಿಗೆಯ ಕಡೆ ತಿರುಗಿದ. "ಇರ್ಲಿ, ರಿಪೋರ್ಟ್ ವಿಷಯಕ್ಕೆ ಬನ್ನಿ. ಪೋಸ್ಟ್‌ಗ್ರೆಸ್ ಎರರ್ ಕೊಡ್ತು, ಫೇಲು. ಬರೆದು ಸಹಿ ಹಾಕಿ."

ಅತ್ತಿಗೆ ಕುರ್ಚಿಯಿಂದ ಎದ್ದು ನಿಂತರು. ದನಿ ಏರಿಸಲಿಲ್ಲ.

"ಕಟ್ಟಡದವರು ಉಗಿದಿದ್ದು ನಿಲ್ಸಿದ್ದಕ್ಕೆ. ಬಿದ್ದಿದ್ರೆ ಯಾರಿಗೆ ಉಗೀತಿದ್ರು? ನಿಮಗೆ ಯಾವ ಡೇಟಾಬೇಸ್ ಬೇಕೋ ತಗೊಳ್ಳಿ, ನಂದೇನೂ ಹಟ ಇಲ್ಲ. ಉಳಿದ ಎರಡಕ್ಕೂ ಕಟ್ಟುನಿಟ್ಟಾಗಿರೋಕೆ ಬರುತ್ತೆ, ಆ ಸೆಟ್ಟಿಂಗ್ ಆನ್ ಇಡಿ ಅಷ್ಟೇ. ಬಾಯಿಗೆ ಬೀಗ ಹಾಕಿದ್ದು ನೀವು, ಡೇಟಾಬೇಸಿನ ಮೇಲೆ ಹಾಕ್ಬೇಡಿ. ತಪ್ಪು ಹಿಡಿದಿದ್ದಕ್ಕೆ ಸೊನ್ನೆ ಅಂತ ಬರೆಯೋ ಕೈ ನಂದಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಒರೆಸುವಷ್ಟು ಹೊತ್ತು ನ್ಯಾಯ ಸಿಗುತ್ತದೆ ಎಂದು ನಾನು ನಂಬಿದ್ದೆ. ನನ್ನ ಬುದ್ಧಿಗಿಷ್ಟು. ಅವರು, ಬಿಟ್ಟುಹೋದ ಲಿಫ್ಟುಗಳನ್ನೆಲ್ಲ ಈ ವಾರವೇ ನೋಡಿ, ಕೇಳಿದವರಿಗೆ ವಿಶೇಷ ಸೇವೆ ಅಂತ ಹೇಳಿ, ಗಲಾಟೆ ಬೇಡ ಎಂದರು. ಹೊಸ ಸರ್ವರಿಗೆ ಬಾಮೈದ ಹೇಳಿದ ಡೇಟಾಬೇಸೇ ಆಯಿತು. ಪ್ರೋಗ್ರಾಮು ತಿದ್ದುವ ತನಕ ಆ ಸೆಟ್ಟಿಂಗು ಆಫ್ ಇರಲಿ ಎಂದೂ ಆಯಿತು. ತಿದ್ದುವವನು ಯಾರು? ಬಾಮೈದನೇ. ಅತ್ತಿಗೆಯನ್ನು ಗ್ರಾಹಕರ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. "ತಕರಾರು ನಿಮಗೆ ಚೆನ್ನಾಗಿ ಒಗ್ಗುತ್ತೆ ಮೇಡಂ" ಎಂದ ಮ್ಯಾನೇಜರ್. ನಾನು ಕುರ್ಚಿ ತಳ್ಳಿ ಎದ್ದೆ. ಅತ್ತಿಗೆ ಕಣ್ಣಲ್ಲೇ ಗದರಿದರು, ಮತ್ತೆ ಕೂತೆ.

ಮುಂದಿನ ವಾರ ಅಮ್ಮನನ್ನು ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಹೊಸ ರೋಪು, ಹೊಸ ಬ್ರೇಕು, ಎಲ್ಲಾ ನನ್ನ ಕೈಯಾರೆ ಹಾಕಿದ್ದು. ಲಿಫ್ಟಿನ ಬಾಗಿಲು ತೆರೆಯಿತು. ಅಮ್ಮ ಒಳಗೆ ಕಾಲಿಡದೆ ಅತ್ತಿಗೆಗೆ ಫೋನ್ ಮಾಡಿದಳು.

"ಈ ಲಿಫ್ಟು ಇನ್ಮೇಲೆ ನಿಮ್ಮ ಪಟ್ಟಿಗೆ ಬರುತ್ತಾ?"

"ಗೊತ್ತಿಲ್ಲ ಅತ್ತೆ. ನನಗೀಗ ಅದನ್ನ ನೋಡೋಕೆ ಬಿಡಲ್ಲ."

ಅಮ್ಮ ಫೋನಿಟ್ಟಳು. ಗೋಡೆಯ ಮೇಲಿದ್ದ ನಮ್ಮ ಕಂಪನಿಯ ದೂರಿನ ನಂಬರನ್ನು ಓದಿ, ಅದಕ್ಕೆ ಮಾಡಿದಳು. ಎತ್ತಿದವರೂ ಅತ್ತಿಗೆಯೇ.

"ದೂರು ಬರ್ಕೊಳಮ್ಮ" ಎಂದಳು ಅಮ್ಮ, ಪರಿಚಯವೇ ಇಲ್ಲದವಳ ಹಾಗೆ. "ನಿಮ್ಮ ಲಿಫ್ಟು ಈಗ ಚೆನ್ನಾಗಿದೆ. ಹೊಸ ರೋಪು ಹಾಕಿದೀರಿ, ಬಾಗಿಲು ಸದ್ದಿಲ್ಲದೆ ಮುಚ್ಚುತ್ತೆ, ಮೆಕ್ಯಾನಿಕ್ ಹುಡುಗ ಅಚ್ಚುಕಟ್ಟಾಗಿ ಕೆಲಸ ಮಾಡಿದಾನೆ. ಆದ್ರೆ ಅದು ಕೆಟ್ಟಿದೆ ಅಂತ ಹಿಡಿದವಳು ನನ್ನ ಸೊಸೆ. ಅವಳನ್ನ ಆ ಪಟ್ಟಿ ಮುಂದೆ ಮತ್ತೆ ಕೂರಿಸೋ ತನಕ ನಾನು ನಿಮ್ಮ ಲಿಫ್ಟಿಗೆ ಕಾಲಿಡಲ್ಲ. ನಾಲ್ಕು ಮಹಡಿ ಹತ್ತೀನಿ, ಮಂಡಿ ಹೋದ್ರೆ ಹೋಗ್ಲಿ."

ಅತ್ತಿಗೆ ಒಂದಕ್ಷರ ಬಿಡದೆ ಟೈಪ್ ಮಾಡಿದರು. ಅಮ್ಮ ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು.

ಮುಂದಿನ ಮೀಟಿಂಗಿನಲ್ಲಿ ಮ್ಯಾನೇಜರ್ ನಗುನಗುತ್ತ ಒಂದು ಹಾಳೆ ಓದಿದ. "ನಿಮ್ಮ ಲಿಫ್ಟು ಈಗ ಚೆನ್ನಾಗಿದೆ. ಹೊಸ ರೋಪು ಹಾಕಿದೀರಿ, ಬಾಗಿಲು ಸದ್ದಿಲ್ಲದೆ ಮುಚ್ಚುತ್ತೆ." ಅಲ್ಲಿಗೆ ಮುಗಿಯಿತು. ಕಂಪ್ಯೂಟರಿನಲ್ಲಿ ದೂರು ಬರೆಯುವ ಜಾಗಕ್ಕೆ ಅವನು ಇಟ್ಟಿದ್ದ ಅಳತೆ ಅಷ್ಟೇ ಅಕ್ಷರ. ಕಟ್ಟುನಿಟ್ಟಿನ ಸೆಟ್ಟಿಂಗು ಆಫ್ ಇದ್ದದ್ದರಿಂದ, ಅದರಲ್ಲಿ ಹಿಡಿಯದೆ ಉಳಿದದ್ದನ್ನು ಡೇಟಾಬೇಸು ಕತ್ತರಿಸಿ ಎಸೆದಿತ್ತು, ಯಾರಿಗೂ ಒಂದು ಮಾತು ಹೇಳದೆ. ಯಜಮಾನರು ಚಪ್ಪಾಳೆ ತಟ್ಟಿದರು. ಆ ಹಾಳೆ ಈಗ ರಿಸೆಪ್ಶನ್ನಿನ ಗೋಡೆಯಲ್ಲಿ ಫ್ರೇಮಿನೊಳಗಿದೆ.

ಸಂಜೆ ಮನೆಯಲ್ಲಿ ಅಮ್ಮನ ಮಂಡಿಗೆ ಬಿಸಿನೀರಿನ ಚೀಲ ಇಡುತ್ತ ಅತ್ತಿಗೆ ಅಂದರು: "ಅತ್ತೆ, ಮುಂದಿನ ಸಲ ಬೈಗುಳ ಮೊದಲು ಹೇಳಿ."

ಆ ವಾರದಿಂದ ಅಮ್ಮ ಹಾಗೇ ಮಾಡುತ್ತಿದ್ದಾಳೆ.