ಹಾಡಿಗೆ ಮುಂಚಿನ ಹೆಸರುಗಳು

ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಟೇಪ್ ಯಂತ್ರದ ದನಿ ಓದುವ ಹೆಡ್ಡನ್ನು ಇನ್ನೊಮ್ಮೆ ಉಜ್ಜುತ್ತಾರೆ ಮಸರ್ರತ್. ಕಡ್ಡಿಯ ತುದಿ ಕಂದಾಗುತ್ತದೆ. ಇದು ಒಂಬತ್ತನೆಯ ಕಡ್ಡಿ. ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್ ಬಡಾವಣೆಯ ಈ ಗ್ಯಾರೇಜಿನ ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ಫಜರ್ ನಮಾಜಿಗೆ ಹೊದ್ದ ಶಾಲು ತಲೆಯ ಮೇಲೇ ಇದೆ. ಮೂಲೆಯಲ್ಲಿ ಹಣ್ಣು ಒಣಗಿಸುವ ಪೆಟ್ಟಿಗೆಯೊಂದು ಗುಂಯ್‌ಗುಡುತ್ತಿದೆ. ಒಳಗಿರುವುದು ಹಣ್ಣಲ್ಲ, ಐವತ್ತು ವರ್ಷ ಹಳೆಯ ಟೇಪಿನ ಸುರುಳಿ.

"ಈ ಕಂದು ಪುಡಿ ಇದೆಯಲ್ಲ, ಕೊಳೆ ಅಲ್ಲ ರೀ ಇದು," ಅನ್ನುತ್ತಾರೆ. "ಯಾರದ್ದೋ ದನಿ. ಉದುರಿಹೋಗಿರೋದು."

ಹಳೆಯ ಟೇಪು ತೇವ ಹೀರಿ ಅಂಟಂಟಾಗುತ್ತದೆ. ಹದವಾಗಿ ಎಂಟು ಗಂಟೆ ಬಿಸಿ ಕೊಟ್ಟರೆ ನಾಲ್ಕು ದಿನ ಬಾಯಿಬಿಡುತ್ತದೆ, ಆಮೇಲೆ ಮತ್ತೆ ಅಂಟು. ಅದು ಬಾಯಿಬಿಡುವ ಆ ನಾಲ್ಕು ದಿನದಲ್ಲಿ ದನಿಯನ್ನು ಕಂಪ್ಯೂಟರಿಗೆ ಇಳಿಸಿ, ಕರಕರ ಸದ್ದು ತೆಗೆದು, ಶುದ್ಧ ಮಾಡಿ ಕೊಡುವುದು ಮಸರ್ರತ್ ಕೆಲಸ. ವಾರಕ್ಕೆ ಎಂಟು ಸುರುಳಿಯಂತೆ ಹತ್ತೊಂಬತ್ತು ವರ್ಷ. ಮದುವೆಯ ಭಾಷಣ, ಚರ್ಚಿನ ಪ್ರವಚನ, ಗಣಿ ಕಾರ್ಮಿಕರ ಸಭೆ, ಏನುಂಟು ಏನಿಲ್ಲ. ಯಾವ ಆಲ್ಬಮ್ಮಿನ ಹೊದಿಕೆಯ ಮೇಲೂ ಅವರ ಹೆಸರಿಲ್ಲ.

ಕೈಕೆಲಸ ಕಲಿತದ್ದು ಚಿತ್ರದುರ್ಗದಲ್ಲಿ, ಅಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ. "ಹುಡುಗಿ ಕೈಗೆ ಕಾದ ಬೆಸುಗೆ ಕಡ್ಡಿ ಯಾಕೆ ಕೊಡ್ತೀರಾ ಭಾಯ್ ಅಂತ ಜನ ಕೇಳೋರು. ಅಬ್ಬಾ ಹೇಳೋರು, ಅವಳ ಕಿವಿ ನನ್ನದಕ್ಕಿಂತ ಚೆನ್ನಾಗಿದೆ ಅಂತ." ಮದುವೆಯಾಗಿ ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ ಏಳು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚಿದರು. ಕಿವಿಗೆ ಕೆಲಸ ಸಿಕ್ಕಿದ್ದು ಅದಾದ ಮೇಲೆ.

ಆ ಕಿವಿ ಒಮ್ಮೆ ತಪ್ಪಿತು. ಪೆಟ್ಟಿಗೆಯಲ್ಲಿ ಬಿಸಿಯಾಗುತ್ತಿರುವ ಸುರುಳಿ ಆ ತಪ್ಪಿನದ್ದೇ.

ಅದೊಂದು ಐರಿಷ್ ಜಾನಪದ ಹಾಡುಗಳ ಆಲ್ಬಮ್. ೧೯೭೫ರ ಅಕ್ಟೋಬರಿನಲ್ಲಿ, ಇದೇ ನಗರದ ಸ್ಪಾರ್ಕ್‌ಹಿಲ್‌ನ ಒಂದು ಮನೆಯಲ್ಲಿ, ರಸ್ತೆ ಅಗೆಯುವ ನಾಲ್ವರು ಕೂಲಿಗಳು ಹಾಡಿದ ಹನ್ನೊಂದು ಹಾಡು. ಆಲೂಗಡ್ಡೆ ಕೊಳೆತು ಊರೂರೇ ಹಸಿದ ಕಾಲ, ಮನೆಯಿಂದ ಹೊರದಬ್ಬಿಸಿಕೊಂಡ ಗೇಣಿದಾರರು, ಹಡಗುಕಟ್ಟೆಯ ಮುಷ್ಕರ, ಜೈಲಿನಲ್ಲಿ ಊಟ ಬಿಟ್ಟು ಸತ್ತವರು. ಹಿಂದಿನ ವರ್ಷವಷ್ಟೇ ನಗರದ ಪಬ್‌ಗಳಲ್ಲಿ ಐರಿಷ್ ಬಂಡುಕೋರರ ಬಾಂಬ್ ಸಿಡಿದು, ಐರಿಷ್ ಉಚ್ಚಾರಣೆ ಕೇಳಿದರೇ ಜನ ತಿರುಗಿ ನೋಡುತ್ತಿದ್ದ ಕಾಲ. ಆ ಭಯಕ್ಕೇ ಟೇಪು ಅಟ್ಟ ಸೇರಿತು. ಮೂರು ವರ್ಷದ ಹಿಂದೆ ಒಂದು ಸಣ್ಣ ಕಂಪನಿ ಅದನ್ನು ಮಸರ್ರತ್ ಕೈಗಿತ್ತಿತು.

ಪ್ರತಿ ಹಾಡಿಗೂ ಮುಂಚೆ, ಬಾವಿಯ ತಳದಿಂದ ಬಂದಂತೆ, ಒಂದು ದನಿ ಇತ್ತು. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟುವುದುಂಟು. ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳಿಸುತ್ತದೆ. ಇದೂ ಅದೇ ಎಂದುಕೊಂಡರು. ಹನ್ನೊಂದು ಕಡೆಯೂ ಅಳಿಸಿದರು. ಕಂಪ್ಯೂಟರಿನಲ್ಲಿ ಶುದ್ಧ ಪ್ರತಿಯನ್ನಷ್ಟೇ ಉಳಿಸಿಕೊಂಡರು; ಮೂಲ ಟೇಪು ಗ್ಯಾರೇಜಿನ ಕಪಾಟು ಸೇರಿತು. ಆಲ್ಬಮ್ ಬಂತು, ಜನ ಮೆಚ್ಚಿದರು.

ಹದಿನಾಲ್ಕು ತಿಂಗಳ ಹಿಂದೆ ಲೀಡ್ಸ್‌ನಿಂದ ಪತ್ರ ಬಂತು. ಬರೆದವರು ಬರ್ನಡೆಟ್, ಹಾಡುಗಾರರಲ್ಲೊಬ್ಬರ ಮಗಳು. 'ಅಪ್ಪ ಹೇಳಿದಂತೆ, ನನ್ನಮ್ಮ ನೋರಾ ಮೈಕಿನಿಂದ ದೂರ, ಪರದೆಯ ಹಿಂದೆ ನಿಂತಿದ್ದಳು. ದನಿ ಗುರುತು ಸಿಕ್ಕರೆ ಕ್ಯಾಂಟೀನಿನ ಕೆಲಸ ಹೋದೀತೆಂಬ ಭಯ. ಪ್ರತಿ ಹಾಡಿಗೂ ಮುಂಚೆ ಅದು ಯಾವ ಸತ್ತವರಿಗಾಗಿಯೋ ಅವರ ಹೆಸರು ಹೇಳುತ್ತಿದ್ದಳು. ಸತ್ತವರದ್ದು ಮಾತ್ರ, ಬದುಕಿರುವವರನ್ನು ಹಾಗೆ ಕರೆಯಬಾರದು ಅನ್ನುತ್ತಿದ್ದಳು. ಮರುವರ್ಷ ಫೆಬ್ರವರಿಯಲ್ಲಿ, ಮಂಜಿನಲ್ಲಿ, ಬಸ್ಸಿಗೆ ಸಿಕ್ಕಿ ತೀರಿಕೊಂಡಳು. ನನಗಾಗ ಆರು ವರ್ಷ. ಅವಳ ದನಿ ನನಗೆ ನೆನಪಿಲ್ಲ. ಆಲ್ಬಮ್ಮಿನಲ್ಲಿ ಅವಳಿಲ್ಲ. ಟೇಪಿನಲ್ಲಿದ್ದಾಳೆಯೇ?'

"ನಮ್ಮನೇಲೂ ಶಬೆ ಬರಾತ್ ದಿನ ದಾದಿ ತೀರಿಹೋದ ಒಬ್ಬೊಬ್ಬರ ಹೆಸರು ಹೇಳಿಯೇ ಫಾತಿಹಾ ಓದಿಸೋರು," ಅನ್ನುತ್ತಾರೆ ಮಸರ್ರತ್. "ಅದನ್ನ ಕೇಳ್ಕೊಂಡು ಬೆಳೆದೋಳು ನಾನು. ನನಗೇ ಹೊಳೀಲಿಲ್ಲ ನೋಡಿ. ಏನಂತ ಬರೀಲಿ? ನಿಮ್ಮಮ್ಮನ್ನ ಕಸ ಅಂತ ಗುಡಿಸಿಬಿಟ್ಟೆ ಅಂತಲಾ?"

ಹಾಗಾಗಿ ಉತ್ತರ ಬರೆಯುವುದು, ಹರಿಯುವುದು. ಆಲ್ಬಮ್ಮಿನ ಕೆಲಸದಲ್ಲೇ ಟೇಪು ಎರಡು ಸಲ ಬೆಂದಿದೆ. ಮೂರನೆಯ ಸಲಕ್ಕೆ ಪೂರಾ ಉದುರಿದರೆ? ಆ ಭಯದಲ್ಲೇ ಹದಿನಾಲ್ಕು ತಿಂಗಳು.

ಗಂಡ ವಾಹಿದ್ ಆಸ್ಪತ್ರೆಯ ಎಕ್ಸ್-ರೇ ವಿಭಾಗದವರು. ಚಹಾ ತಂದಿಟ್ಟು ನಗುತ್ತಾರೆ. "ನಾನು ಬದುಕಿರೋರ ಮೂಳೆ ನೋಡ್ತೀನಿ, ಇವಳು ಸತ್ತವರ ಕೆಮ್ಮು ಕೇಳ್ತಾಳೆ. ನಮ್ಮನೇಗೆ ನೆಂಟರು ಯಾಕೆ ಬರಲ್ಲ ಅಂತೀರಾ!"

"ನಿಮ್ಮ ಪೇಷಂಟುಗಳು ಕಂಪ್ಲೇಂಟ್ ಮಾಡ್ತಾರೆ ಜೀ. ನನ್ನವರು ಪಾಪ, ಸುಮ್ಮನಿರ್ತಾರೆ."

ಪೆಟ್ಟಿಗೆ ನಿಲ್ಲುತ್ತದೆ. ಟೇಪಿನ ಬಿಸಿ ಆರುವವರೆಗೂ ಕಾಯುತ್ತಾರೆ. ಮಸರ್ರತ್ ಅದನ್ನು ಯಂತ್ರಕ್ಕೆ ಏರಿಸಿ, ಸ್ಪೀಕರಿನ ದನಿಯನ್ನು ಪೂರ್ತಿ ಏರಿಸುತ್ತಾರೆ. ಮೊದಲು ಗಾಳಿಯಂಥ ಸದ್ದು. ಆಮೇಲೆ ಒಂದು ಉಸಿರು. ಆಮೇಲೆ ಹೆಂಗಸಿನ ದನಿ, ನಿಧಾನವಾಗಿ, ಒಂದು ಹೆಸರು, ಒಂದು ಊರು. ಹಾಡು. ಮತ್ತೊಂದು ಹೆಸರು. ಗ್ಯಾರೇಜಿನ ಗೋಡೆಯಾಚೆ ಯಾರೋ ನಿಂತು ಹಾಜರಿ ಕರೆಯುತ್ತಿರುವಂತೆ. ಮಸರ್ರತ್ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಹನ್ನೊಂದು.

ಕೊನೆಯ ಹಾಡು ಮುಗಿಯುತ್ತದೆ. ಕುರ್ಚಿ ಎಳೆದ ಸದ್ದು, ಗಂಡಸರ ನಗು, ಬಾಗಿಲು. ಆಲ್ಬಮ್ಮಿಗೆ ಬೇಡವಾದ ಈ ಕೊನೆಯ ತುಣುಕನ್ನು ಮಸರ್ರತ್ ಅಂದು ಕೇಳಿಯೇ ಇರಲಿಲ್ಲ. ಟೇಪು ಖಾಲಿ ಸುತ್ತುತ್ತದೆ. ಆಗ ಅದೇ ದನಿ, ಈ ಸಲ ಮೈಕಿನ ತೀರಾ ಹತ್ತಿರ, ಹನ್ನೆರಡನೆಯ ಹೆಸರು ಹೇಳುತ್ತದೆ. ಅದರ ಹಿಂದೆ ಯಾವ ಹಾಡೂ ಬರುವುದಿಲ್ಲ.

"ನೋರಾ," ಅನ್ನುತ್ತದೆ ದನಿ. "ಸ್ಪಾರ್ಕ್‌ಹಿಲ್."

ವಾಹಿದ್ ಚಹಾ ಲೋಟ ಕೆಳಗಿಡುತ್ತಾರೆ. ಅವರಿಗೀಗ ನಗು ಇಲ್ಲ. "ಅದೊಂದನ್ನ ಬಿಟ್ಟುಬಿಡು ಮಸರ್ರತ್. ಹನ್ನೊಂದು ಕಳಿಸು, ಸಾಕು. ಯಾವ ಮಗಳು ಕೇಳಬೇಕು ಅದನ್ನ?"

ಮಸರ್ರತ್ ಯಂತ್ರ ನಿಲ್ಲಿಸುತ್ತಾರೆ. ಪೆನ್ನು ತೆಗೆದುಕೊಳ್ಳುತ್ತಾರೆ. ತಪ್ಪು ನನ್ನದು ಎಂಬ ಒಂದು ಸಾಲು, ಕೆಳಗೆ ಹೆಸರುಗಳು, ಒಂದರ ಕೆಳಗೊಂದು, ಹನ್ನೆರಡು. ಮಡಚಿದ ಕಾಗದ, ದನಿ ಇಳಿಸಿದ ಪೆನ್ ಡ್ರೈವ್, ಎರಡೂ ದಪ್ಪ ಲಕೋಟೆಗೆ. ಆಲ್ಬಮ್ ಮತ್ತೆ ಅಚ್ಚಾದರೆ ಆ ಹೆಂಗಸಿನ ಹೆಸರು ಹೊದಿಕೆಯ ಮೇಲೆ ಬರಬೇಕು, ಅಷ್ಟೇ ಅವರ ಆಸೆ. ತಮ್ಮ ಹೆಸರಿನ ಮಾತು ಎತ್ತಿದರೆ ಕೈಯಾಡಿಸಿಬಿಡುತ್ತಾರೆ.

ಹೊರಗೆ ಬೆಳಕಾಗಿದೆ. ರಸ್ತೆಯ ತಿರುವಿನ ಕೆಂಪು ಪೋಸ್ಟ್ ಡಬ್ಬಿಯ ಬಾಯಿಗೆ ಲಕೋಟೆ ಹಿಡಿದು, ಹಿಂದೆ ಬಂದ ಗಂಡನತ್ತ ತಿರುಗುತ್ತಾರೆ.

"ಒಂದು ಸಲ ಅಳಿಸಿದ್ದೀನಿ ಜೀ, ಗೊತ್ತಿಲ್ಲದೆ. ಗೊತ್ತಿದ್ದೂ ಅಳಿಸೋ ಕೆಲಸ ನಾನು ಕಲಿತಿಲ್ಲ."

ಕೈ ಬಿಡುತ್ತಾರೆ. ಲಕೋಟೆ ಒಳಗೆ ಬೀಳುತ್ತದೆ.