ಮುಚ್ಚಳ ತೆಗೆಯದ ಡಬ್ಬಿ

ತರಗತಿ ನಿಭಾಯಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗಿತ್ತು. ಮಕ್ಕಳ ಮನೆ, ಮಾತು, ರೂಢಿ ಅರಿತು ಕಲಿಸಬೇಕೆಂದು ಸೋಲಾಪುರದಲ್ಲಿ ಮೂರು ದಿನ ತರಬೇತಿಯನ್ನೂ ಪಡೆದಿದ್ದೆ. ವಿಜಾಪುರ ರಸ್ತೆಯ ಮನೆಯಿಂದ ಹೊರಟು, ಬಸ್ಸು ಹಿಡಿದು, ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಗೆ ಹೋಗುತ್ತಿದ್ದೆ. ನಾಲ್ಕನೆಯ ತರಗತಿ ನನ್ನದು.

ಒಂದು ಸೋಮವಾರ ದೊಡ್ಡ ಹೊಲದವರ ಮಗಳು ಶೇಂಗಾ ಹೋಳಿಗೆ ತಂದಳು. ಎಲ್ಲರೆದುರೇ ತಿಂದು, "ಇದಂದ್ರ ನನಗ ಭಾಳ ಜೀವ ನೋಡ್ರಿ" ಎಂದುಬಿಟ್ಟೆ. ಮರುದಿನ ಮೇಜಿನ ಮೇಲೆ ಆರು ಡಬ್ಬಿ! ಯಾರದನ್ನು ಮೊದಲು ತಿಂದೆ ಎಂದು ಮಕ್ಕಳಲ್ಲಿ ಜಗಳ. ಗಣಿತ ಮೂಲೆಗೆ ಬಿತ್ತು. ಬುಧವಾರ ನಿಯಮ ಮಾಡಿದೆ: ಇನ್ನು ಮೇಲೆ ನನಗೆ ಯಾರೂ ಏನೂ ತರಬಾರದು.

ಅಂದು ಶಾಲೆಗೆ ಬಾರದವಳು ಒಬ್ಬಳೇ. ಅವಳ ಮನೆ ಊರಂಚಿನಲ್ಲಿ, ಬೌದ್ಧರಾದ ದಲಿತರ ಓಣಿಯಲ್ಲಿ. ತಾಯಿ ಕೂಲಿಗೆ ಹೋಗುವವಳು. ಗುರುವಾರ ಬಂದವಳೇ ಎರಡೂ ಕೈಯಿಂದ ಸ್ಟೀಲ್ ಡಬ್ಬಿ ನೀಡಿದಳು.

"ಮೇಡಂ, ಹೋಳಿಗಿ ಅದಾವ್ರಿ. ಅವ್ವ ಮಾಡ್ಯಾಳ್ರಿ."

"ಏನೂ ತರಬ್ಯಾಡ್ರಿ ಅಂತ ನಿನ್ನೆನ ಹೇಳೀನಿ. ವಾಪಸ್ ಒಯ್ಯಿ."

ನಿಯಮ ಎಲ್ಲರಿಗೂ ಒಂದೇ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಮೊದಲ ಸಾಲು ಬಿಟ್ಟು ಹಿಂದೆ ಹೋಗಿ ಕುಳಿತಳು. ಮರುದಿನವೂ ಅಲ್ಲೇ. ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಏಳುತ್ತಿದ್ದ ಕೈ ಏಳುವುದೇ ನಿಂತಿತು.

ನಮ್ಮ ಕಡೆ ಆ ಓಣಿಯ ಅಡುಗೆಯನ್ನು ಬೇಡವೆಂದರೆ ಅದಕ್ಕಿರುವುದು ಒಂದೇ ಅರ್ಥ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮಜ್ಜಿ ಅವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದುದನ್ನು ಕಂಡೇ ಬೆಳೆದವಳು ನಾನು. ಆದರೂ ಹೊಳೆಯಲು ಎಂಟು ದಿನ ಬೇಕಾಯಿತು. ಹೊಳೆದಾಗ ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ನಿಯಮದ ಕತೆಯನ್ನೆಲ್ಲ ಹೇಳಿದೆ. ತಾಯಿ ಸಿಟ್ಟಾಗಲಿಲ್ಲ. ಸಿಟ್ಟಾಗಿ ನಾಲ್ಕು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇರಲಿ ಬಿಡ್ರಿ ಮೇಡಂ. ಅವತ್ತ ನಾ ಕೂಲಿ ಬಿಟ್ಟೆ, ಇಕಿ ಸಾಲಿ ಬಿಟ್ಟು ಶೇಂಗಾ ಕುಟ್ಟಿದ್ಲು. ಬ್ಯಾಡವ್ವ, ಅವರು ನಮ್ಮ ಕೈಯಾಂದು ತಿನ್ನಂಗಿಲ್ಲ ಅಂದೆ. ನಮ್ಮ ಮೇಡಂ ಹಂಗಿಲ್ಲ ಅಂತ ಹಟ ಹಿಡದ್ಲು ನೋಡ್ರಿ."

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. "ನನಗೂ ಒಂದೀಟು ಹಾಕ್ರಿ" ಎಂದು ಕೇಳುವಷ್ಟರಲ್ಲಿ ಹುಡುಗಿ ಹೊರಗಿನಿಂದ ಏದುಸಿರು ಬಿಡುತ್ತ ಬಂದಳು. ಅವಳು ಎದ್ದು ಹೋದದ್ದೇ ನನಗೆ ತಿಳಿದಿರಲಿಲ್ಲ. ಕೈಯಲ್ಲಿ ಕಾಗದದ ಕಪ್ಪು. ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದಳು.

"ಕುಡೀರಿ ಮೇಡಂ. ಹೋಟೆಲಿಂದು ಅದರಿ. ನಮ್ಮ ಮನಿದು ಅಲ್ರಿ."