ಅಕ್ಕನ ಬಾಯಿಗೆ ಹಿಡಿದ ಎರಡು ಬೆಳಕು

ಅಕ್ಕನ ಕೆನ್ನೆಯ ಒಳಗಿನ ಬಿಳಿ ಕಲೆಯನ್ನು ಮೊದಲು ನೋಡಿದವಳು ನಾನು. ಮುಳ್ಳೇರಿಯದಲ್ಲಿ ಕನ್ನಡ ಟೀಚರಾಗಿ ನಿವೃತ್ತಳಾದ ಅವಳಿಗೆ ಊಟದ ಮೇಲೆ ಎಲೆಯಡಿಕೆ ಬೇಕೇ ಬೇಕು. "ಸುಣ್ಣ ಹೆಚ್ಚಾಗಿ ಸುಟ್ಟದ್ದು, ಬೇರೆಂತ ಇಲ್ಲ" ಎಂದುಬಿಟ್ಟೆ. ನನ್ನ ಮಾತು ನಂಬಿ ಅವಳು ಎಂಟು ತಿಂಗಳು ಸುಮ್ಮನಿದ್ದಳು.

ಖಾರ ತಾಗಿದರೆ ಉರಿಯುತ್ತದೆಂದು ಸಾರು ಬಿಟ್ಟು ಬರೀ ಮಜ್ಜಿಗೆಯಲ್ಲಿ ಉಣ್ಣತೊಡಗಿದಾಗ ನನಗೆ ಹೆದರಿಕೆಯಾಯಿತು. ವಿದ್ಯಾನಗರದ ನನ್ನ ಕಚೇರಿಗೆ ರಜೆ ಹಾಕಿ ಅವಳನ್ನು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕೋಣೆಯ ದೀಪ ಆರಿಸಿ ಅಕ್ಕನ ಬಾಯೊಳಗೆ ನೀಲಿ ಬೆಳಕು ಹಿಡಿದರು. ಪರದೆಯ ಮೇಲೆ ಕೆನ್ನೆಯ ಒಳಭಾಗ ಎಳೆ ಹಸಿರಾಗಿ ಹೊಳೆಯಿತು. ಕಲೆ ಮಾತ್ರ ಕಪ್ಪಾಗಿತ್ತು. ಅದರ ಹಿಂದೆ, ಬರಿಗಣ್ಣಿಗೆ ಏನೂ ಕಾಣದ ಕಡೆಯೂ ಕಪ್ಪು.

"ಕಪ್ಪು ಅಂದ್ರೆ ಕ್ಯಾನ್ಸರಾ?" ಅಕ್ಕ ನೇರವಾಗಿ ಕೇಳಿದಳು.

"ಹಾಗೆ ಹೇಳ್ಲಿಕ್ಕೆ ಆಗುದಿಲ್ಲ ಟೀಚರ್. ಬರೀ ಉರಿಯೂತ ಇದ್ರೂ ಕಪ್ಪು ಕಾಣ್ತದೆ. ಇದೊಂದನ್ನೇ ನಂಬುದು ಬೇಡ, ಇನ್ನೊಂದರಲ್ಲಿಯೂ ನೋಡುವ."

ಆಮೇಲೆ ಪೆನ್ನಿನಂಥ ಸಾಧನವೊಂದನ್ನು ಕೆನ್ನೆಯ ಒಳಗೆ ತಾಗಿಸಿದರು. ಅದರ ಬೆಳಕು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಚರ್ಮದ ಕೆಳಗೆ ಇಳಿದು ಪದರಗಳನ್ನು ತೋರಿಸುತ್ತದಂತೆ. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ಡಾಕ್ಟರು ತುಂಬ ಹೊತ್ತು ನೋಡಿದರು. ಬಿಳಿ ಕಲೆಯ ಕೆಳಗೆ ಪದರ ದಪ್ಪಗಾಗಿದ್ದರೂ ಅಂಚು ಸ್ಪಷ್ಟವಿತ್ತು. ಕಲೆಯ ಹಿಂದಿನ, ಬರಿಗಣ್ಣಿಗೆ ಕಾಣದ ಜಾಗದಲ್ಲಿ ಅಂಚು ಕಲಸಿಹೋಗಿತ್ತು.

"ಎರಡರಲ್ಲಿಯೂ ಸಂಶಯ ಇರುದು ಇಲ್ಲಿ. ಇಲ್ಲಿಂದಲೇ ಚೂರು ತೆಗೆದು ಪರೀಕ್ಷೆಗೆ ಕಳಿಸುವ" ಎಂದು ಆ ಹಿಂದಿನ ಜಾಗದ ಮೇಲೆ ಬೆರಳಿಟ್ಟರು.

ನಾನು ತಿಂಗಳುಗಟ್ಟಲೆ ನೋಡುತ್ತಿದ್ದದ್ದು ಕಲೆಯನ್ನು. ಕೇಡು ಅದರ ಬೆನ್ನಿಗೇ ಕೂತಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಬಾಯಿಗೆ ಹತ್ತಿ ಒತ್ತಿಕೊಂಡೇ ಅಕ್ಕ ಹೇಳಿದಳು: "ನೀನು ಸುಣ್ಣ ಅಂತ ಹೇಳಿದ್ದಕ್ಕೆ ಬೇಜಾರು ಮಾಡ್ಬೇಡ. ನನಗೂ ಹಾಗೆಯೇ ಇರ್ಲಿ ಅಂತ ಇತ್ತು."

ನಾನು ಚೀಲದಿಂದ ಹೊಸ ಹತ್ತಿ ತೆಗೆದು ಅವಳ ಕೈಗಿಟ್ಟೆ.

ವರದಿ ಬಂತು. ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳು ಆ ದಾರಿ ಹಿಡಿದಿವೆ. ಆ ಭಾಗವನ್ನು ಕತ್ತರಿಸಿ ತೆಗೆದರು. ಅಕ್ಕ ಎಲೆಯಡಿಕೆ ಬಿಟ್ಟಳು. ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಕಳೆದ ಸಲ ಹೋದಾಗ ನೀಲಿ ಬೆಳಕಿನಲ್ಲಿ ಗಾಯದ ಅಂಚು ಮತ್ತೆ ತುಸು ಕಪ್ಪಾಗಿ ಕಂಡಿತು. ಇನ್ನೊಂದು ಚಿತ್ರದಲ್ಲಿ ಪದರಗಳು ಸರಿಯಾಗಿಯೇ ಇದ್ದವು. "ಗಾಯ ಮಾಯುವಾಗ ಹೀಗಾಗುದುಂಟು, ಮುಂದಿನ ಸಲ ನೋಡುವ" ಎಂದರು ಡಾಕ್ಟರು. ಅಕ್ಕ ತಲೆಯಾಡಿಸಿ ಎದ್ದು ಚಪ್ಪಲಿ ಹಾಕಿಕೊಂಡಳು. ನಾನು ಆ ಎರಡು ಚಿತ್ರಗಳ ಮುಂದೆ ಇನ್ನೂ ನಿಂತೇ ಇದ್ದೆ.